ಮಧ್ಯಂತರದಲ್ಲಿ ಎದ್ದು ಹೋದವನು

ಆ ಸಿನಿಮಾವನ್ನು ನಾನು ಪೂರ್ತಿ ನೋಡಿರಲಿಲ್ಲ. ಮಧ್ಯಂತರಕ್ಕೆ ಎದ್ದು ಹೊರಟುಬಿಟ್ಟಿದ್ದೆ. ಹೋದವನು ಸುಮ್ಮನಾದರೂ ಇರಬೇಕಿತ್ತು — ಇರಲಿಲ್ಲ. ಕೊನೆಯ ದೃಶ್ಯದವರೆಗೂ ಕಣ್ಣು ಕೀಳದೆ ನೋಡಿದವನ ಹಾಗೆ ಅದರ ಮೇಲೆ ಬರೆದೆ, ಬರೆದು ಅಚ್ಚು ಹಾಕಿಸಿದೆ. ಅದರಲ್ಲಿ ನಟಿಸಿದ ಒಬ್ಬ ಹೆಂಗಸಿಗೆ ಮುಖವೇ ಇಲ್ಲ ಎಂದೆ. ಆಕೆ ಅದನ್ನು ನಂಬಿದರು. ಒಂಬತ್ತು ವರ್ಷವಾಯಿತು, ಇನ್ನೂ ನಂಬಿಕೊಂಡೇ ಇದ್ದಾರೆ.

ಈ ಅಂಕಣ ಓದುವವರಿಗೆ ನಾನು ‘ಮೂರನೇ ಸಾಲಿನವ’. ಶಿರಸಿಯ ಟಾಕೀಸಿನಲ್ಲಿ ಚಿಕ್ಕಂದಿನಿಂದ ಮೂರನೇ ಸಾಲಿನಲ್ಲೇ ಕೂತು ಕತ್ತು ನೋಯಿಸಿಕೊಂಡವನು, ಅದಕ್ಕೇ ಆ ಹೆಸರು. ‘ಈ ವಾರ ನೋಡಿದ್ದು’ ಎಂಬ ತಲೆಬರಹದ ಕೆಳಗೆ ಹನ್ನೆರಡು ವರ್ಷದಿಂದ ಈ ವಾರಪತ್ರಿಕೆಗೆ ಬರೆಯುತ್ತಿದ್ದೇನೆ. ಬರೆಯುವವನು ಯಾರೆಂದು ಸಂಪಾದಕರನ್ನು ಬಿಟ್ಟರೆ ಇನ್ನೊಬ್ಬರಿಗೆ ಗೊತ್ತಿಲ್ಲ. ನನ್ನ ಹೆಸರು ಶ್ರೀಧರ. ಬಸ್ ನಿಲ್ದಾಣದ ಹತ್ತಿರ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದೇನೆ. ಊರಿನವರ ಬಾಯಲ್ಲಿ ಕನ್ನಡಕದ ಶ್ರೀಧರ. ಊರಿಗೆಲ್ಲ ಕಣ್ಣು ಕಾಣಿಸುವ ಕಸುಬಿನವನೇ ಹೀಗೆ ಮಾಡಿದನೇ ಎಂದು ನೀವು ನಕ್ಕರೆ ನಗಬಹುದು. ನಾನೂ ಒಂದೆರಡು ಸಲ ನಗಲು ನೋಡಿದ್ದೇನೆ, ಆಗಲಿಲ್ಲ.

ವಾಡಿಕೆ ಬಿಡುವುದು ಬೇಡ, ಈಚೆಗೆ ನೋಡಿದ್ದನ್ನು ಮೊದಲು ಹೇಳಿಬಿಡುತ್ತೇನೆ. ಇದನ್ನು ಬರೆಯದೆ ಗತಿಯಿಲ್ಲ ಎನ್ನುವಲ್ಲಿಗೆ ನನ್ನನ್ನು ತಂದು ನಿಲ್ಲಿಸಿದ್ದರಲ್ಲಿ ಅವುಗಳ ಪಾಲೂ ಇದೆ. ಮೊದಲನೆಯದು ಮರಾಠಿ. ಒಂದು ಹಳ್ಳಿ ಶಾಲೆ. ಗಂಟೆ ಹೊಡೆಯುವ ಜವಾನ ಒಂದು ದಿನ ತನ್ನ ಬಸ್ಸು ತಪ್ಪೀತೆಂದು ಹತ್ತು ನಿಮಿಷ ಮೊದಲೇ ಗಂಟೆ ಹೊಡೆದುಬಿಡುತ್ತಾನೆ. ಬೇಗ ಬಿಟ್ಟ ಶಾಲೆಯಿಂದ ಹೊರಟ ಮಕ್ಕಳಲ್ಲಿ ಒಂದು, ಹೊಳೆ ದಾಟುವಾಗ — ಮುಂದಿನದನ್ನು ಹೇಳುವುದಿಲ್ಲ. ಎಲ್ಲರೂ ಹೊಳೆಯನ್ನು ಬಯ್ಯುತ್ತಾರೆ, ಮೇಷ್ಟರನ್ನು ಬಯ್ಯುತ್ತಾರೆ. ಗಂಟೆಯನ್ನು ಯಾರೂ ನೆನೆಯುವುದಿಲ್ಲ. ಜವಾನ ನಿವೃತ್ತನಾಗುವ ದಿನ ಅವನಿಗೆ ಶಾಲು ಹೊದಿಸುತ್ತಾರೆ, ಅವನು ಆ ಶಾಲಿನೊಳಗೆ ಬೆವರುತ್ತಾನೆ. ಅಂಗಡಿಯಲ್ಲಿ ಕೂತು ಮೊಬೈಲಿನಲ್ಲಿ ನೋಡುತ್ತಿದ್ದವನು ಅಲ್ಲಿಗೆ ನಿಲ್ಲಿಸಿ, ಹೊರಗೆ ಹೋಗಿ ಒಂದು ಚಾ ಕುಡಿದು ಬಂದೆ.

ಎರಡನೆಯದು ಮಲಯಾಳಂ. ಒಂದೇ ಮನೆಯಲ್ಲಿದ್ದು ಇಪ್ಪತ್ತು ವರ್ಷದಿಂದ ಮಾತು ಬಿಟ್ಟ ಅಕ್ಕ ತಂಗಿ. ತಪ್ಪು ಯಾರದೆಂದು ಸಿನಿಮಾ ಹೇಳುವುದಿಲ್ಲ. ಅಕ್ಕ ಬೆನ್ನು ತಿರುಗಿಸಿದಾಗೆಲ್ಲ ತಂಗಿಯ ಮುಖವನ್ನು ಮಾತ್ರ ತೋರಿಸುತ್ತದೆ. ಹಿಂದೆಲ್ಲ ಇಂಥದ್ದನ್ನು ‘ನಿಧಾನಗತಿಯ ಚಿತ್ರ’ ಎಂದು ಒಂದೇ ಏಟಿಗೆ ಬರೆದು ಮುಗಿಸುತ್ತಿದ್ದೆ. ಮೂರನೆಯದು ನಮ್ಮದೇ ಒಂದು ದೊಡ್ಡ ಚಿತ್ರ, ಟಾಕೀಸಿನಲ್ಲಿ. ನಾಯಕ ನಲವತ್ತು ಜನರನ್ನು ಹೊಡೆದ, ನಾನು ನಲವತ್ತು ನಿಮಿಷ ನಿದ್ದೆ ಹೊಡೆದೆ. ಆದರೂ ಏಳಲಿಲ್ಲ. ದೀಪ ಹತ್ತಿ, ಕಸ ಗುಡಿಸುವವರು ಬಂದು ಕಾಲೆತ್ತಿ ಎನ್ನುವ ತನಕ ಹೆಸರುಗಳು ಮೇಲೆ ಹೋಗುವುದನ್ನು ನೋಡುತ್ತ ಕೂತಿದ್ದೆ. ಕೊನೆಯ ಹೆಸರು ಹೋಗುವ ಮೊದಲು ಎದ್ದೇಳಲು ನನ್ನಿಂದಾಗುವುದಿಲ್ಲ — ಮೂರು ವಾರದಿಂದ ಹೀಗಾಗಿದೆ. ಯಾಕೆಂದು ಹೇಳುತ್ತೇನೆ.

ಒಂಬತ್ತು ವರ್ಷದ ಹಿಂದೆ ವಜ್ರಳ್ಳಿಯ ಗಣಪತಿ ಎಂಬವನು ಒಂದು ಸಿನಿಮಾ ಮಾಡಿದ. ಯಲ್ಲಾಪುರದ ಸುತ್ತಮುತ್ತ ಮದುವೆ, ಉಪನಯನಗಳ ವಿಡಿಯೊ ತೆಗೆಯುತ್ತಿದ್ದವನು. ಅದೇ ಕ್ಯಾಮೆರಾ, ಅದೇ ದೀಪ, ಊರವರೇ ನಟರು, ನಮ್ಮ ಮನೆಮಾತಿನಲ್ಲೇ ಸಂಭಾಷಣೆ. ಸಿನಿಮಾದ ಹೆಸರು ಇಲ್ಲಿ ಹೇಳುವುದಿಲ್ಲ, ಆ ಹೆಸರಿಗೆ ನಾನು ಮಾಡಿದ್ದು ಸಾಕು. ಕಥೆ ಇಷ್ಟೇ. ಹೆಗ್ಗರಣೆಯ ಕಡೆ, ರಸ್ತೆ ಬದಿಯಲ್ಲಿ ಒಂದು ಚಿಕ್ಕ ಮನೆ. ಆ ಮನೆಯ ಗಂಡ ಒಂದು ಬೆಳಗ್ಗೆ ಹೇಳದೆ ಕೇಳದೆ ಎದ್ದು ಹೋಗಿದ್ದಾನೆ. ಹೆಂಡತಿ ಅದನ್ನು ಯಾರಿಗೂ ತಿಳಿಸುವುದಿಲ್ಲ. ಬಾಗಿಲಿಗೆ ಯಾರೇ ಬಂದು ಹೆಗಡೇರು ಇದ್ದಾರೆಯೇ ಎಂದು ಕೇಳಿದರೂ, ಒಳಗೆ ಮಲಗಿದ್ದಾರೆ ಎನ್ನುತ್ತಾಳೆ. ಅವನ ಅಂಗಿಯನ್ನು ಒಗೆದು ಅಂಗಳದ ತಂತಿಗೆ ಹಾಕುತ್ತಾಳೆ. ಅವನು ಬಿಟ್ಟುಹೋದ ಕನ್ನಡಕವನ್ನು ದಿನಾ ಸೆರಗಿನಲ್ಲಿ ಒರೆಸಿ ಕಿಟಕಿಯ ದಂಡೆಯ ಮೇಲಿಡುತ್ತಾಳೆ.

ಆ ಕನ್ನಡಕ ನನ್ನ ಅಪ್ಪಯ್ಯನದು. ಗಣಪತಿ ಹಳೆಯ ಕಾಲದ ಒಂದು ಫ್ರೇಮು ಬೇಕೆಂದು ಅಂಗಡಿಗೆ ಬಂದಿದ್ದ. ಇದ್ದಬದ್ದದ್ದೆಲ್ಲ ತೆಗೆದು ತೋರಿಸಿದೆ, ಯಾವುದೂ ಅವನಿಗೆ ಒಗ್ಗಲಿಲ್ಲ. ಕೊನೆಗೆ ಮನೆಗೆ ಹೋಗಿ, ಅಪ್ಪಯ್ಯ ತೀರಿಕೊಂಡ ಮೇಲೆ ಡಬ್ಬಿಯಲ್ಲೇ ಇದ್ದದ್ದನ್ನು ತಂದು ಕೊಟ್ಟೆ. ಎಡಗಡೆ ಕಡ್ಡಿಗೆ ಅಪ್ಪಯ್ಯ ಸುತ್ತಿದ್ದ ದಾರ ಹಾಗೇ ಇತ್ತು. ಗಣಪತಿ ಅದನ್ನು ಹಿಡಿದು ಕುಣಿಯುವುದೊಂದು ಬಾಕಿ. “ಶ್ರೀಧರಣ್ಣ, ಸಿನೆಮಾದಲ್ಲಿ ನಿನ್ನ ಹೆಸರು ಹಾಕ್ತೆ ನೋಡು,” ಅಂದ. ಹೆಸರು ಎಂತಕ್ಕೆ ಮಾರಾಯ ಎಂದೆ ಬಾಯಲ್ಲಿ. ಒಳಗೆ — ಒಳಗೆ ಬೇಕಿತ್ತು. ಎಷ್ಟು ಬೇಕಿತ್ತೆಂದು ನನಗೂ ಆಗ ಗೊತ್ತಿರಲಿಲ್ಲ.

ಹೆಂಡತಿಯ ಪಾತ್ರ ಮಾಡಿದವರು ವಾನಳ್ಳಿಯ ನಾಗವೇಣಕ್ಕ. ಸಿದ್ದಾಪುರ, ಶಿರಸಿ, ಯಲ್ಲಾಪುರ ಮೂರೂ ಕಡೆ ಹೆಂಗಸರ ತಾಳಮದ್ದಳೆ ಎಂದರೆ ಮೊದಲು ಬರುತ್ತಿದ್ದ ಹೆಸರು ಅವರದು. ವೇಷವಿಲ್ಲ, ಬಣ್ಣವಿಲ್ಲ, ಸೀರೆಯುಟ್ಟು ಚಾಪೆಯ ಮೇಲೆ ಕೂತು ಬರೀ ಮಾತಿನಲ್ಲೇ ಪಾತ್ರ ಕಟ್ಟಬೇಕಾದ ಕಲೆ ಅದು. ಎದುರಿಗೆ ಕೂತ ಅರ್ಥಧಾರಿ ಯಾರೇ ಇರಲಿ, ನಾಗವೇಣಕ್ಕ ಬಾಯಿ ತೆರೆದರೆ ಸಭೆ ಅವರ ಕಡೆಗೆ. ಅಂಥವರಿಗೆ ಗಣಪತಿ ಇಡೀ ಸಿನಿಮಾದಲ್ಲಿ ಕೊಟ್ಟದ್ದು ಇಪ್ಪತ್ತು ಮಾತು. ಇಷ್ಟು ಕಡಿಮೆ ಮಾತಾಡಿ ರೂಢಿಯಿಲ್ಲ ಎಂದು ಅವರು ಮೊದಲು ಹೆದರಿದ್ದರಂತೆ.

ಶಿರಸಿಯಲ್ಲಿ ಶುಕ್ರವಾರ ಮಧ್ಯಾಹ್ನ ಮೊದಲ ಆಟ. ಅಂಗಡಿ ಬಾಗಿಲು ಹಾಕಿ ಹೋದೆ. ಶುರುವಿಗೇ ಕೃತಜ್ಞತೆಯ ಪಟ್ಟಿ. ಮನೆ ಬಿಟ್ಟುಕೊಟ್ಟವರು, ಜೀಪು ಕೊಟ್ಟವರು, ಊಟ ಹಾಕಿದವರು, ಅಂಗಳಕ್ಕೆ ಚಪ್ಪರ ಹಾಕಿದವರು. ಎರಡು ಸಲ ಕಣ್ಣುಜ್ಜಿಕೊಂಡು ನೋಡಿದೆ. ನನ್ನ ಹೆಸರು ಇರಲಿಲ್ಲ. ಚಪ್ಪರ ಹಾಕಿದವನಿಗೆ ಹೆಸರುಂಟು, ಅಪ್ಪಯ್ಯನ ಕನ್ನಡಕಕ್ಕೆ ಇಲ್ಲ — ಅಷ್ಟು ಹೊತ್ತೂ ನನ್ನ ತಲೆಯಲ್ಲಿ ಓಡಿದ ಸಿನಿಮಾ ಅದೊಂದೇ. ತೆರೆಯ ಮೇಲಿನದು ಕಣ್ಣೆದುರಿಗೆ ಹೋಗುತ್ತಿತ್ತು, ಅಷ್ಟೇ. ಅದೇ ಬಾಗಿಲು, ಅದೇ ಸುಳ್ಳು, ಅದೇ ಅಂಗಿ, ಅದೇ ಕನ್ನಡಕ. ಮಧ್ಯಂತರದ ದೀಪ ಹತ್ತಿದ್ದೇ ಎದ್ದೆ. ಶೇಂಗಾ ಕೊಳ್ಳುವವನ ಹಾಗೆ ಹೊರಗೆ ಬಂದು, ಹಾಗೇ ಅಂಗಡಿಗೆ ನಡೆದುಬಿಟ್ಟೆ.

ಶನಿವಾರ ಮಧ್ಯಾಹ್ನದೊಳಗೆ ಬರಹ ಕೊಡಬೇಕಿತ್ತು. ಬೇರೆ ಯಾವುದಾದರೂ ಸಿನಿಮಾದ ಮೇಲೆ ಬರೆಯಬಹುದಿತ್ತು. ಅವತ್ತೇ ಮುಂದಿನ ಆಟದಲ್ಲಿ ಉಳಿದರ್ಧ ನೋಡಬಹುದಿತ್ತು, ಟಾಕೀಸು ನನ್ನ ಅಂಗಡಿಯಿಂದ ಮುನ್ನೂರು ಹೆಜ್ಜೆ. ನಾನು ಮಾಡಿದ್ದು ಏನೆಂದರೆ, ಸಂಜೆ ಬಸಣ್ಣನಿಗೆ ಫೋನು. ಬಸಣ್ಣ ಟಾಕೀಸಿನ ಗೇಟಿನಲ್ಲಿ ಟಿಕೆಟು ಹರಿಯುವವನು, ಹಾನಗಲ್ಲಿನ ಕಡೆಯವನು. ಕೊನೆಗೆ ಏನಾಯಿತು ಎಂದು ಕೇಳಿದೆ. ಅವನು ಪಾಪ, ನಿಂತು ನೋಡಿದ್ದನ್ನು ನೋಡಿದ ಹಾಗೇ ಹೇಳಿದ.

“ಏನೂ ಆಗೂದಿಲ್ರಿ. ಕಡೀಕ ಯಾರೋ ಬಂದು ಹೆಗಡೇರು ಅದಾರೇನು ಅಂತ ಕೇಳ್ತಾರ್ರಿ. ಆಕಿ ‘ಇಲ್ಲೇ’ ಅಂತಾಳ್ರಿ. ಮುಗೀತ್ರಿ, ಲೈಟ್ ಹಾಕಿದ್ವಿ.”

ಇಲ್ಲೇ. ಅಂದರೆ ಇಲ್ಲೇ ಇದ್ದಾರೆ. ಬಸಣ್ಣನ ಕನ್ನಡದಲ್ಲಿ ಆ ಮಾತಿಗೆ ಇನ್ನೊಂದು ಅರ್ಥವಿಲ್ಲ, ಅವನು ಕೇಳಿಸಿಕೊಂಡದ್ದು ತಪ್ಪಲ್ಲ. ಆದರೆ ನಾನು? ಹುಟ್ಟಿದಾಗಿನಿಂದ ಮನೆಯಲ್ಲಿ ‘ಇಲ್ಲ’ ಎನ್ನುವುದಕ್ಕೆ ‘ಇಲ್ಲೆ’ ಎಂದೇ ಹೇಳಿಕೊಂಡು ಬಂದವನು. ಹಾಲು ಇದ್ದ ಎಂದು ಕೇಳಿದರೆ ಇಲ್ಲೆ, ಬಸ್ಸು ಬೈಂದ ಎಂದು ಕೇಳಿದರೆ ಬೈಂದಿಲ್ಲೆ, ದಿನಕ್ಕೆ ನೂರು ಸಲ. ನಮ್ಮ ಮಾತಿನಲ್ಲೇ ತೆಗೆದ ಸಿನಿಮಾ ಎಂದು ಗೊತ್ತಿದ್ದವನು. ಆ ಹೆಂಗಸು ‘ಇಲ್ಲ’ ಅಂದಿರಬಹುದಲ್ಲ ಎಂದು ಒಂದು ಕ್ಷಣಕ್ಕೂ ನನಗೆ ಹೊಳೆಯಲಿಲ್ಲ. ಹೊಳೆಯಲಿಲ್ಲವೋ, ಹೊಳೆಯಲು ಬಿಡಲಿಲ್ಲವೋ — ಇದನ್ನು ನಾನು ಎಷ್ಟು ತಿರುವಿ ಹಾಕಿದರೂ ಒಂದೇ ಉತ್ತರ ಬರುವುದಿಲ್ಲ.

ನಲವತ್ತು ನಿಮಿಷದಲ್ಲಿ ಬರೆದು ಮುಗಿಸಿದೆ. ಅಷ್ಟು ಸಲೀಸಾಗಿ ನಾನು ಹಿಂದೆಂದೂ ಬರೆದಿರಲಿಲ್ಲ. ಆ ಸಾಲುಗಳನ್ನು ಇಲ್ಲಿ ಹಾಗೇ ಕೊಡುತ್ತೇನೆ. ‘ಕೊನೆಗೂ ಆಕೆ ಅದೇ ಸುಳ್ಳನ್ನೇ ಹೇಳುತ್ತಾಳೆ, ಗಂಡ ಇಲ್ಲೇ ಇದ್ದಾನೆ ಎಂದು. ಹೊರಟಲ್ಲಿಗೇ ಬಂದು ನಿಲ್ಲುವುದಾದರೆ ನಮ್ಮನ್ನು ಎರಡು ತಾಸು ಕೂರಿಸಿದ್ದೇಕೆ? ಇರಲಿ, ಸುಳ್ಳಾದರೂ ಇಲ್ಲೇ ಇದ್ದಾನೆ ಎನ್ನುವವಳ ಮುಖದಲ್ಲಿ ಒಂದಿಷ್ಟು ಆಸೆಯಾದರೂ ಬೇಡವೇ? ತಾಳಮದ್ದಳೆಯಲ್ಲಿ ಮಾತಿನಿಂದ ಗೆಲ್ಲುವ ಈ ಕಲಾವಿದೆಗೆ ತೆರೆಯ ಮೇಲೆ ಮುಖವೇ ಇಲ್ಲ.’

ಮುಖವೇ ಇಲ್ಲ — ಆ ಎರಡು ಪದ ಬರೆದಾಗ ನನಗೆ ಖುಷಿಯಾಗಿತ್ತು. ಹೇಳಿಬಿಡಬೇಕು, ಖುಷಿಯಾಗಿತ್ತು. ಓದಿದವರು ಅದನ್ನೇ ಎತ್ತಿಕೊಂಡರು. ಮೊಬೈಲಿನ ಗುಂಪುಗಳಲ್ಲಿ ಆ ಸಾಲು ಓಡಾಡಿತು. ಸಿನಿಮಾ ನಾಲ್ಕನೇ ದಿನಕ್ಕೆ ಟಾಕೀಸು ಬಿಟ್ಟಿತು; ಅದಕ್ಕೆ ನನ್ನ ಬರಹವೊಂದೇ ಕಾರಣವೆಂದು ನಾನು ಹೇಳುವುದಿಲ್ಲ, ಅಷ್ಟು ದೊಡ್ಡವನಲ್ಲ. ಆದರೆ ಹುಬ್ಬಳ್ಳಿಯ ಒಬ್ಬರು ತಮ್ಮ ಸಿನಿಮಾಕ್ಕೆ ನಾಗವೇಣಕ್ಕನನ್ನು ಕರೆದಿದ್ದರು, ಅವರು ಒಲ್ಲೆ ಎಂದರು. ಆಮೇಲೆ ತಾಳಮದ್ದಳೆಗೂ ಹೋಗುವುದು ಕಡಿಮೆಯಾಯಿತು, ಬರಬರುತ್ತ ನಿಂತೇಹೋಯಿತು. ಮೊಣಕಾಲು ನೋವು ಎನ್ನುತ್ತಿದ್ದರಂತೆ. ಕೂತೇ ಮಾಡುವ ಕಲೆಗೆ ಮೊಣಕಾಲು ನೋವೇನು ಎಂದು ಕೇಳಿದವರಿಲ್ಲ.

ಮರುವಾರವೇ ಗಣಪತಿಯ ಒಂದು ಕಾಗದ ಪತ್ರಿಕೆಗೆ ಬಂತು, ಸಂಪಾದಕರು ನನ್ನ ಕೈಗೆ ಕೊಟ್ಟರು. ಬೈಗುಳ ಇರಬಹುದೆಂದು ಬಿಚ್ಚಿದೆ. ನಾಲ್ಕೇ ಸಾಲು. ‘ಮೂರನೇ ಸಾಲಿನವರಿಗೆ ಬಹುಶಃ ನಮ್ಮ ಕಡೆಯ ಮಾತು ಬರುವುದಿಲ್ಲ. ಕೊನೆಯಲ್ಲಿ ಆಕೆ ಹೇಳುವುದು ಇಲ್ಲೆ ಎಂದು, ಅಂದರೆ ಇಲ್ಲ ಎಂದು. ಮೊದಲ ಸಲ ನಿಜ ಹೇಳುತ್ತಾಳೆ. ದಯವಿಟ್ಟು ಇನ್ನೊಮ್ಮೆ ನೋಡಿ.’ ತಿದ್ದಿ ಒಂದು ಸಾಲು ಹಾಕೋಣವೇ ಎಂದು ಸಂಪಾದಕರು ಕೇಳಿದರು. ಸಿನಿಮಾದವರು ಹೀಗೆ ಬರೆಯುತ್ತಲೇ ಇರುತ್ತಾರೆ, ಬಿಡಿ ಎಂದೆ. ಅವರೂ ಬಿಟ್ಟರು. ಕಾಗದವನ್ನು ಅಂಗಡಿಯ ಖಾನೆಯಲ್ಲಿ, ಸಣ್ಣ ಸ್ಕ್ರೂಗಳ ಡಬ್ಬಿಯ ಕೆಳಗಿಟ್ಟೆ. ಇವತ್ತಿಗೂ ಅಲ್ಲೇ ಇದೆ.

ನೋಡದೆ ಬರೆದದ್ದು ಒಂದು ತಪ್ಪು. ತಿಳಿದ ಮೇಲೂ ತಿದ್ದದಿದ್ದದ್ದು ಅದಕ್ಕಿಂತ ದೊಡ್ಡದು. ತಿದ್ದಲು ಹೋದರೆ ಎದ್ದು ಹೋದದ್ದು ಹೇಳಬೇಕಾಗುತ್ತದೆ, ಎದ್ದು ಹೋದದ್ದೇಕೆಂದು ಹೇಳಬೇಕಾಗುತ್ತದೆ. ಚಪ್ಪರದವನ ಹೆಸರಿಗೆ ಹೊಟ್ಟೆ ಉರಿದುಕೊಂಡವನು ಎಂದು ನನ್ನ ಬಾಯಿಂದಲೇ — ಆಗಲಿಲ್ಲ.

ಅದಾಗಿ ವರ್ಷ ಕಳೆದಿತ್ತು, ನಾಗವೇಣಕ್ಕ ನನ್ನ ಅಂಗಡಿಗೆ ಬಂದರು. ಓದುವ ಕನ್ನಡಕ ಬೇಕಿತ್ತು. ಸಿನಿಮಾದಲ್ಲಿದ್ದ ಕನ್ನಡಕ ಕೊಟ್ಟವನು ಎಂಬ ವಿಶ್ವಾಸದ ಮೇಲೆ ನನ್ನನ್ನೇ ಹುಡುಕಿಕೊಂಡು ಬಂದಿದ್ದರು. ಅಕ್ಷರದ ಹಲಗೆಯ ಮುಂದೆ ಕೂರಿಸಿದೆ. ಕೊನೆಯ ಸಾಲು ತೋರಿಸಿದರೆ “ಇಷ್ಟು ಸಣ್ಣದು ಕಾಣ್ತಿಲ್ಲೆ” ಎಂದು ನಕ್ಕರು. ಆ ‘ಇಲ್ಲೆ’ ಕಿವಿಗೆ ಬಿದ್ದಾಗ ಮಸೂರ ಬದಲಿಸುವವನ ಹಾಗೆ ಡಬ್ಬಿಯ ಕಡೆ ತಿರುಗಿಕೊಂಡೆ.

ಅಂದಿನಿಂದ ತಿಂಗಳಿಗೊಮ್ಮೆ, ಎರಡು ತಿಂಗಳಿಗೊಮ್ಮೆ ಬರುತ್ತಲೇ ಇದ್ದಾರೆ. ಕಡ್ಡಿ ಸಡಿಲವಾಯಿತು, ಮೂಗಿನ ಮೇಲೆ ಒತ್ತುತ್ತದೆ, ಏನೋ ಒಂದು ನೆಪ. ಬಂದರೆ ವಾನಳ್ಳಿಯ ಬಸ್ಸು ಹೊರಡುವ ತನಕ ಕೂತು ಸಿನಿಮಾದ ಮಾತು. ಮಗಳು ಹಾಕಿಕೊಟ್ಟ ಟೀವಿಯಲ್ಲಿ ಯಾವ ಭಾಷೆಯದಾದರೂ ನೋಡುತ್ತಾರೆ. ಅವರು ನೋಡುವ ರೀತಿಯೇ ಬೇರೆ. ಮಾತಾಡುವವರನ್ನು ಬಿಟ್ಟು ಕೇಳುತ್ತ ನಿಂತವರ ಮುಖ ನೋಡುತ್ತಾರೆ. ಅವರು ಹೇಳಿದ್ದನ್ನು ಎಷ್ಟೋ ಸಲ ಮುಂದಿನ ವಾರ ನನ್ನದೆಂದು ಅಂಕಣದಲ್ಲಿ ಇಳಿಸಿದ್ದೇನೆ, ಅದನ್ನೂ ಇಲ್ಲೇ ಒಪ್ಪಿಕೊಂಡುಬಿಡುತ್ತೇನೆ. ಆಮೇಲಿನ ಸಲ ಬಂದಾಗ ಅವರಿಗೆ ಸಂಭ್ರಮ. “ಆನು ಹೇಳಿದಾಂಗೇ ಬರದ್ದ ನೋಡು ಅಂವ. ನೋಡ ಕಣ್ಣಿದ್ದು ಅವಂಗೆ,” ಎನ್ನುತ್ತಿದ್ದರು. ಹೀಗೆ ಮೂರನೇ ಸಾಲಿನವನ ಮೇಲೆ ಅವರ ನಂಬಿಕೆಯನ್ನು ವರ್ಷವರ್ಷವೂ ನಾನೇ ಗಟ್ಟಿ ಮಾಡಿದೆ. ತಮ್ಮ ಸಿನಿಮಾದ ಬಗ್ಗೆ ಮಾತ್ರ ಅವರು ಒಂದು ಮಾತೂ ಆಡುತ್ತಿರಲಿಲ್ಲ. ನಾನೂ ಕೇಳುತ್ತಿರಲಿಲ್ಲ.

ಹೋದ ತಿಂಗಳು ಗಣಪತಿ ಅಂಗಡಿಗೆ ಬಂದ. ತಲೆ ಅರ್ಧ ಬೆಳ್ಳಗಾಗಿದೆ. ಇಷ್ಟು ವರ್ಷ ಮತ್ತೆ ಮದುವೆ ವಿಡಿಯೊ ಮಾಡಿಕೊಂಡಿದ್ದವನು ಈಗ ಎರಡನೇ ಸಿನಿಮಾಕ್ಕೆ ಹೊರಟಿದ್ದಾನೆ. ಕಥೆ ಬರೆದದ್ದೇ ನಾಗವೇಣಕ್ಕನಿಗಾಗಿ. ಅವರು ಒಪ್ಪುತ್ತಿಲ್ಲ. ದೀಪಾವಳಿಯವರೆಗೆ ಕಾದು ನೋಡುತ್ತಾನೆ, ಆಮೇಲೆ ಬೇರೆ ಯಾರನ್ನಾದರೂ ಹುಡುಕಲೇಬೇಕು.

“ನೀ ಒಂದು ಮಾತು ಹೇಳು ಶ್ರೀಧರಣ್ಣ. ನೀ ಸಿನೆಮಾ ನೋಡಂವ ಹೇಳಿ ನಾಗವೇಣಕ್ಕಂಗೆ ಗೊತ್ತಿದ್ದು. ನೀ ಹೇಳಿದ್ರೆ ಕೇಳ್ತು,” ಅಂದ. ಹೋಗುವಾಗ ಹಳೆಯ ಸಿನಿಮಾವನ್ನು ನನ್ನ ಮೊಬೈಲಿಗೆ ಕಳಿಸಿ, “ಆಗ ನೋಡಿದ್ಯಲ, ಇನ್ನೊಂದ್ಸಲ ನೋಡು” ಎಂದ.

ಮರುದಿನ ಮಧ್ಯಾಹ್ನ ಶಟರು ಅರ್ಧ ಎಳೆದು, ಮೊಬೈಲನ್ನು ಮಸೂರದ ಡಬ್ಬಿಗೆ ಒರಗಿಸಿಟ್ಟು ನೋಡಿದೆ. ಮೊದಲಿನಿಂದ. ಮಧ್ಯಂತರ ಎಂಬ ಅಕ್ಷರ ಬಂದಾಗ ನಿಲ್ಲಿಸಿದೆ. ಮುಂದಿನದನ್ನು ನೋಡಲು ಹೆದರಿಕೆಯಾಗಿತ್ತು. ಆಮೇಲೆ ಒತ್ತಿದೆ. ಮೊದಲರ್ಧದಲ್ಲಿ ನನಗೆ ಬೇಸರ ತಂದದ್ದೆಲ್ಲ ಎರಡನೆಯ ಅರ್ಧದಲ್ಲಿ ಒಂದೊಂದಾಗಿ ಕಡಿಮೆಯಾಗುತ್ತ ಹೋಗುತ್ತದೆ. ಒಂದು ದಿನ ಅಂಗಿ ತಂತಿಗೆ ಬರುವುದಿಲ್ಲ. ಒಂದು ದಿನ ಎರಡು ತಟ್ಟೆಯ ಬದಲು ಒಂದೇ. ಕೊನೆಗೊಂದು ಬೆಳಗ್ಗೆ ಆಕೆ ಕನ್ನಡಕವನ್ನು ಒರೆಸುತ್ತಾಳೆ, ಆದರೆ ದಂಡೆಯ ಮೇಲಿಡದೆ ಕಡ್ಡಿ ಮಡಚುತ್ತಾಳೆ — ದಾರ ಸುತ್ತಿದ ಕಡ್ಡಿಯನ್ನು ಮೊದಲು — ಡಬ್ಬಿಯಲ್ಲಿಟ್ಟು ಮುಚ್ಚುತ್ತಾಳೆ. ಆಗ ಹೊರಗಿನಿಂದ ದನಿ, “ಹೆಗಡೇರು ಇದ್ವ?”

ಕ್ಯಾಮೆರಾ ಅವರ ಮುಖದ ಮೇಲೇ ಇದೆ, ಕದಲುವುದಿಲ್ಲ. ಬಾಯಿ ‘ಒಳಗಿದ್ದೊ’ ಎನ್ನಲು ಹೊರಡುತ್ತದೆ, ರೂಢಿಯಲ್ಲವೇ. ಹೊರಟದ್ದು ಅಲ್ಲೇ ನಿಲ್ಲುತ್ತದೆ. ಕೆಳತುಟಿ ಸ್ವಲ್ಪ ಅದುರುತ್ತದೆ. ಆಮೇಲೆ ಕಣ್ಣಿನ ಸುತ್ತಲಿನ ಬಿಗಿ, ನಾನು ಅಷ್ಟು ಹೊತ್ತೂ ಅವರ ಮುಖದ ಸಹಜ ಗೆರೆ ಎಂದುಕೊಂಡಿದ್ದ ಬಿಗಿ, ಸಡಿಲವಾಗುತ್ತದೆ. ಹುಲ್ಲುಹೊರೆ ಇಳಿಸಿದವರು ನಿಟ್ಟುಸಿರು ಬಿಡುವ ಹಾಗೆ ಅವರು “ಇಲ್ಲೆ” ಎನ್ನುತ್ತಾರೆ. ಅಷ್ಟೇ. ಕನ್ನಡವೇ ಬಾರದವನಿಗೂ ಅರ್ಥವಾಗುತ್ತಿತ್ತು. ಈ ಹನ್ನೆರಡು ವರ್ಷದಲ್ಲಿ ನೋಡಿ ಬರೆದ ಮುಖಗಳಲ್ಲಿ ಅಂಥದ್ದು ನನಗೆ ಇನ್ನೊಂದು ಸಿಕ್ಕಿಲ್ಲ.

ತೆರೆ ಕಪ್ಪಾಯಿತು, ಹೆಸರುಗಳು ಬರತೊಡಗಿದವು. ನಟರು, ಬೆಳಕು, ಹಾಡು. ಎಲ್ಲ ಮುಗಿದ ಮೇಲೆ, ಕಟ್ಟಕಡೆಗೆ, ಬೇರೆ ಯಾವ ಹೆಸರೂ ಇಲ್ಲದೆ ಒಂದೇ ಹಾಳೆ. ‘ಈ ಕನ್ನಡಕ ಶಿರಸಿಯ ದಿವಂಗತ ಸುಬ್ರಾಯ ಅವರದು. ಕೊಟ್ಟವರು ಮಗ ಶ್ರೀಧರ. ಇದು ಸಿಗದಿದ್ದರೆ ಈ ಸಿನಿಮಾ ಆಗುತ್ತಿರಲಿಲ್ಲ.’

ಅಪ್ಪಯ್ಯನ ಹೆಸರನ್ನು ನಾನು ಗಣಪತಿಗೆ ಒಂದೇ ಸಲ ಹೇಳಿದ್ದೆ, ಕನ್ನಡಕ ಕೊಡುವಾಗ. ಅವನು ನೆನಪಿಟ್ಟುಕೊಂಡು, ಉಳಿದವರ ಸಾಲಿನಲ್ಲಿ ಸೇರಿಸದೆ, ಕೊನೆಗೆಂದು ಎತ್ತಿಟ್ಟಿದ್ದ. ನಾನು ಕೊನೆಯ ತನಕ ಕೂರಲಿಲ್ಲ. ಶಟರಿನ ಕೆಳಗಿಂದ ಯಾರೋ ಬಗ್ಗಿ, ಅಂಗಡಿ ತೆರೆದಿದೆಯೇ ಎಂದು ಕೇಳಿದರು. ನಾಳೆ ಬನ್ನಿ ಎಂದು ಶಟರು ಪೂರ್ತಿ ಎಳೆದೆ.

ಇಲ್ಲಿಗೆ ನಿಲ್ಲಿಸಿದ್ದರೆ ಇದು ಹಳೆಯ ತಪ್ಪಿನ ಮಾತಾಗುತ್ತಿತ್ತು. ಹಾಗಲ್ಲ. ಇನ್ನೊಂದಿದೆ, ಅದಕ್ಕೆ ಇನ್ನೂ ಹದಿನೈದು ದಿನವಾಗಿಲ್ಲ.

ಸಿನಿಮಾ ನೋಡಿದ ಮುಂದಿನ ವಾರ ನಾಗವೇಣಕ್ಕ ಬಂದರು. ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟು, ಸ್ಟೂಲಿನ ಮೇಲೆ ಕೂತರು. “ಮೂಗಿಂದ ಜಾರ್ತು ನೋಡು ಮಾರಾಯ. ಬಿಗಿ ಮಾಡಿ ಕೊಡು.” ನಾನು ಸ್ಕ್ರೂಡ್ರೈವರ್ ತೆಗೆದುಕೊಂಡೆ. ಆಮೇಲೆ ಅವರಾಗಿಯೇ ಶುರುಮಾಡಿದರು, ಇಷ್ಟು ವರ್ಷದಲ್ಲಿ ಮೊದಲ ಸಲ.

“ಗಣಪತಿ ಬೈಂದಿದ್ದ. ಇನ್ನೊಂದು ಸಿನೆಮಾ ಮಾಡ್ತ್ನಡ, ಆನೇ ಆಗವಡ. ಆಗ್ತಿಲ್ಲೆ ಹೇಳ್ದೆ. ಮುಖ ಇಲ್ದೇ ಇದ್ದವು ಸಿನೆಮಾ ಎಂತ ಮಾಡದು?”

ಹಾಗೆಲ್ಲ ಯಾರು ಹೇಳಿದ್ದು ಎಂದೆ. ಅವರು ನನ್ನ ಸಾಲುಗಳನ್ನು ಒಂದಕ್ಷರ ತಪ್ಪದೆ ಬಾಯಿಪಾಠ ಹೇಳಿದರು. ತಾಳಮದ್ದಳೆಯ ಪ್ರಸಂಗಗಳೆಲ್ಲ ಬಾಯಿಗೇ ಬರುವವರಿಗೆ ಅದೇನು ಕಷ್ಟವಲ್ಲ. ಬರೆದವನಿಗೆ ನಮ್ಮ ಮಾತು ತಿಳಿದಿಲ್ಲ, ತಪ್ಪು ಕೇಳಿಸಿಕೊಂಡಿದ್ದಾನೆ ಎಂದು ಗಣಪತಿ ಹೇಳಲಿಲ್ಲವೇ ಎಂದು ಕೇಳಿದೆ. ಒಂದು ಎಳೆಯಾದರೂ ಸಿಕ್ಕೀತೆಂದು.

“ಹೇಳಿದ್ದ,” ಅಂದರು. “ತಿಳೀದಿದ್ರೆ ಎಂತಾತು? ಆನು ‘ಇಲ್ಲೆ’ ಹೇಳಿದ್ದು ಅವಂಗೆ ‘ಇದ್ದ’ ಹೇಳಿ ಕೇಳ್ಚು ಅಂದ್ರೆ, ಯನ್ನ ಮುಖ ಎಂತೂ ಹೇಳಿದ್ದಿಲ್ಲೆ ಹೇಳೇ ಆತಲ. ಮಾತು ಬರದೇ ಇದ್ರೂ ಮುಖ ನೋಡಿ ತಿಳಿಯವಾಗಿತ್ತು. ಪೂರಾ ಕೂತ್ಗಂಡು ನೋಡಿದಂವ ಸುಳ್ಳು ಎಂತಕ್ಕೆ ಬರೀತ?”

ಪೂರಾ ಕೂತು ನೋಡಿದವನು. ನನ್ನ ತಪ್ಪನ್ನು ಒಂಬತ್ತು ವರ್ಷ ಕೂತು ಯೋಚಿಸಿ, ಲೆಕ್ಕ ಹಾಕಿ, ತಮ್ಮ ತಪ್ಪೆಂದು ತೀರ್ಮಾನ ಮಾಡಿಕೊಂಡಿದ್ದರು. ನಾನು ತಲೆಯೆತ್ತಲಿಲ್ಲ. ಎತ್ತಿದ್ದರೂ ಅವರಿಗೆ ನನ್ನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ, ಅವರ ಕನ್ನಡಕ ನನ್ನ ಕೈಯಲ್ಲಿತ್ತು. ಅವರು ಕೇಳಿದರು:

“ಅಂವ ಈಗೆಲ್ಲಿದ್ದ, ಗೊತ್ತಿದ್ದ ನಿಂಗೆ? ಶಿರಸಿಲೇ ಇದ್ನ?”

“ಇಲ್ಲೆ,” ಅಂದೆ.

“ಇದ್ದಿದ್ರೆ ಒಂದು ಮಾತು ಕೇಳಲಾಗಿತ್ತು. ಜಗಳಕ್ಕಲ್ಲ ಮತ್ತೆ. ಆ ಮುಖ ಹ್ಯಾಂಗೆ ಇರವಾಗಿತ್ತು ಹೇಳಿ, ಅಷ್ಟೇಯ.”

ಕನ್ನಡಕ ಹಾಕಿಕೊಂಡು, ಈಗ ಸರಿ ಕೂತಿತು ಎಂದು ಹೇಳಿ, ಬಸ್ಸಿಗೆ ಹೊತ್ತಾಯಿತೆಂದು ಎದ್ದರು. ಮೆಟ್ಟಿಲು ಇಳಿಯುವುದನ್ನು ನೋಡುತ್ತ ನಿಂತಿದ್ದೆ. ಮೊಣಕಾಲಿಗೆ ಏನೂ ಆಗಿರಲಿಲ್ಲ.

ನೋಡದೆ ಬರೆದ ದಿನ ನನಗೆ ಆ ಮುಖ ಗೊತ್ತಿರಲಿಲ್ಲ. ಮೊನ್ನೆ ಗೊತ್ತಿತ್ತು. ವಾರದ ಹಿಂದಷ್ಟೇ ನೋಡಿದ್ದೆ, ಕಣ್ಣು ಮುಚ್ಚಿದರೆ ಕಾಣುತ್ತಿತ್ತು. ಅದೇ ಮುಖದವರು ಎರಡು ಅಡಿ ದೂರದಲ್ಲಿ ಕೂತು ಕೇಳುತ್ತಿದ್ದರು, ಆದರೂ ಹೇಳಲಿಲ್ಲ. ಇದಕ್ಕೆ ಕಾರಣ ಕೊಡುವುದಿಲ್ಲ. ಕೊಡಲು ಹೋದರೆ ಚೆನ್ನಾಗಿ ಬರೆದುಬಿಡುತ್ತೇನೆ, ಆ ಭಯ ನನಗಿದೆ.

ಇನ್ನು ಮುಂದಿನದು ಓದುಗರಿಗಲ್ಲ, ನಾಗವೇಣಕ್ಕ, ನಿಮಗೆ.

ಆ ಮುಖ ಹೇಗಿರಬೇಕಿತ್ತು ಎಂದು ಕೇಳಿದಿರಿ. ಹೇಗಿತ್ತೋ ಹಾಗೇ ಇರಬೇಕಿತ್ತು. ನಿಮ್ಮ ಮುಖ ಹೇಳಲಿಲ್ಲವೆಂದಲ್ಲ. ಅದು ಹೇಳುವಾಗ ನಾನು ಅಂಗಡಿಯಲ್ಲಿ ಕೂತು ಸಿಟ್ಟಿನಲ್ಲಿ ಗಾಜು ಒರೆಸುತ್ತಿದ್ದೆ. ಗಣಪತಿ ದೀಪಾವಳಿಯವರೆಗೆ ಕಾಯುತ್ತಾನೆ. ಒಪ್ಪುವುದು ಬಿಡುವುದು ನಿಮ್ಮ ಇಷ್ಟ. ಒಲ್ಲೆ ಎಂದರೆ ಅದು ನಿಮ್ಮದೇ ಕಾರಣಕ್ಕಿರಲಿ, ನನ್ನ ಸುಳ್ಳಿನ ಕಾರಣಕ್ಕೆ ಬೇಡ.

ಇದು ಅಚ್ಚಿಗೆ ಹೋಗುವುದು ಶನಿವಾರ, ನನ್ನ ನಿಜದ ಹೆಸರಿನಲ್ಲಿ. ಅದಕ್ಕೂ ಮೊದಲು, ನಾಳೆ ಬೆಳಗಿನ ಬಸ್ಸಿಗೆ ವಾನಳ್ಳಿಗೆ ಬರುತ್ತೇನೆ. ಈ ಹಾಳೆಗಳನ್ನು ತರುತ್ತೇನೆ, ಗಣಪತಿಯ ಕಾಗದವನ್ನೂ, ಸಿನಿಮಾವನ್ನೂ. ಮೊದಲು ಹಾಳೆ ಓದುತ್ತೇನೆ. ಆಮೇಲೆ ನೀವು ಎದ್ದು ಹೋಗು ಎಂದರೆ ಹೋಗುತ್ತೇನೆ, ಮೊಬೈಲನ್ನು ಜಗಲಿಯ ಮೇಲಿಟ್ಟು. ಕೊನೆಯ ತನಕ ನೋಡಿ. ನಿಮ್ಮ ಮುಖವನ್ನು ನೀವೇ ನೋಡಿ, ಇನ್ನೊಬ್ಬನ ಮಾತು ಕೇಳಬೇಡಿ.

ಅಂವ ಶಿರಸಿಲೇ ಇದ್ನ ಎಂದು ಕೇಳಿದಿರಿ. ನಾನು ಇಲ್ಲೆ ಎಂದೆ. ಆ ಮಾತನ್ನು ಒಂದು ಸಲ ಬಸಣ್ಣನ ಕನ್ನಡದಲ್ಲಿ ಕೇಳಿಸಿಕೊಳ್ಳಿ, ನಾಗವೇಣಕ್ಕ. ಅಂವ ಇಲ್ಲೇ ಇದ್ದ. ನಿಮ್ಮ ಕನ್ನಡಕದ ಸ್ಕ್ರೂ ಬಿಗಿ ಮಾಡುತ್ತಿದ್ದ.